ಗೋಡೆಗೆ ಹೊದಿಸಿದ ಕೌದಿ

ನೆಲೋಗಿಯಲ್ಲಿ ನಮ್ಮ ಮನೆಗೆ ಗೋಡೆ ಹಚ್ಚಿಕೊಂಡೇ ವಿಜಯಶ್ರೀಯ ಮನೆ. ಎರಡು ಖೋಲಿ, ಒಂದು ಪಡಸಾಲೆ. ಆ ಪಡಸಾಲೆಯ ಒಂದು ಗೋಡೆಗೆ ಕಿಟಕಿಯಿಲ್ಲ, ಗೂಡಿಲ್ಲ, ಒಂದು ಗೂಟ ಕೂಡ ಇಲ್ಲ. ನನ್ನ ಕಣ್ಣಿಗೆ ಅದು ಜೋಳದ ಚೀಲ ಒಟ್ಟಲು ಹೇಳಿ ಮಾಡಿಸಿದ ಜಾಗ. ವಿಜಯಶ್ರೀಗೆ ಹಾಗಲ್ಲ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮುಗಿಸಿ ಮಧ್ಯಾಹ್ನ ಬಂದವಳು ಕಾಲು ಚಾಚಿ ಕೂತು, ಬಿಸಿಲು ಆ ಬರಿ ಗೋಡೆಯ ಮೇಲೆ ಇಂಚಿಂಚಾಗಿ ಸರಿಯುವುದನ್ನೇ ನೋಡುತ್ತಿದ್ದಳು. ಕರೆದರೆ ಕೇಳಿಸುತ್ತಿರಲಿಲ್ಲ.

ಇಜೇರಿಯ ಅವಳ ತವರಿನಲ್ಲಿ ಏಳು ಮಕ್ಕಳು ಒಂದೇ ಖೋಲಿಯಲ್ಲಿ ಬೆಳೆದವರು. ಗೋಡೆಯ ಮೇಲೆಲ್ಲ ಗೂಟ, ಗೂಟಕ್ಕೆ ಚೀಲ, ಬಾರುಕೋಲು, ಒದ್ದೆ ಬಟ್ಟೆ. ಒಮ್ಮೆ ನನ್ನ ಮುಂದೆ ಮನಸ್ಸು ಬಿಚ್ಚಿದಳು.

"ಮನ್ಯಾಗಿನ ಸಾಮಾನೆಲ್ಲಾ ಕೆಲಸಕ್ಕೇ ಅವರಿ ಅಕ್ಕಾ. ಬರೇ ನೋಡಾಕ ಅಂತ ಒಂದರೆ ಇರಬಾರದೇನ್ರಿ?"

ಪರದೆ ತರಲು ಕಲಬುರಗಿಗೆ ಹೋದಾಗ ಆ 'ಒಂದು' ಅವಳಿಗೆ ಸಿಕ್ಕಿತು. ದೊಡ್ಡ ಅಂಗಡಿ, ಒಳಗೆಲ್ಲ ತಂಪು. ಗೋಡೆಯ ಮೇಲೆ ಆಳೆತ್ತರದ ಬಟ್ಟೆ: ನೀಲಿ, ಬೂದಿ, ಅರಿಶಿನ, ಕೆನೆಬಣ್ಣದ ತುಂಡುಗಳನ್ನು ಕೂಡಿಸಿ ಮೇಲೆ ಸಾಲುಸಾಲು ಕೈಹೊಲಿಗೆ. ಬೆಲೆ ಮೂವತ್ತೆರಡು ಸಾವಿರ. ಕೈ ಮುಂದೆ ಮಾಡಿದ್ದಕ್ಕೆ ಅಂಗಡಿಯವನು, "ಮುಟ್ಟಬ್ಯಾಡ್ರಿ, ಡಿಸೈನರ್ ಪೀಸ್ ಅದ" ಎಂದನಂತೆ. ಅವಳಿಗೆ ಸಿಟ್ಟು ಬರಲಿಲ್ಲ, ನಗು ಬಂತು. ನಮ್ಮ ಕಡೆ ಹಾಸಿ ಹೊದೆಯುವ ಕೌದಿಯೇ ಪಟ್ಟಣ ಸೇರಿ ದಿಮಾಕು ಮಾಡುತ್ತಿತ್ತು. ಕದ್ದು ಒಂದು ಫೋಟೋ ಹೊಡೆದುಕೊಂಡು ಬಸ್ಸು ಹತ್ತಿದಳು.

"ಹಾಸಿಗಿ ಇದ್ದಷ್ಟು ಕಾಲ ಚಾಚಬೇಕು" ಎಂದ ಗಂಡ ಖಂಡಪ್ಪ, ಫೋಟೋ ನೋಡಿ.

"ಕಾಲ ಚಾಚಾಕ ಅಲ್ರಿ, ನೋಡಾಕ" ಎಂದಳು ಇವಳು.

ಅಂಥದ್ದೇ ಮನೆಯಲ್ಲಿ ಮಾಡೋಣವೆಂದರೆ ವಿಜಯಶ್ರೀಗೆ ಕೌದಿ ಹೊಲಿಯಲು ಬಾರದು. ಬರುವುದು ಅತ್ತೆ ನಿಂಬೆವ್ವನಿಗೆ. ಬಾಣಂತಿಗೊಂದು, ಮದುವೆಗೊಂದು, ಮುದುಕರ ಮೊಣಕಾಲಿಗೊಂದು ಎಂದು ಅರವತ್ತಕ್ಕೂ ಹೆಚ್ಚು ಕೌದಿ ಹೊಲಿದು ಹಂಚಿದ ಕೈ ಅದು. ಈಗ ಆಕೆಗೆ ಹತ್ತಿರದ್ದು ಕಾಣುವುದಿಲ್ಲ. ದೂರದ ಹೊಲದಲ್ಲಿ ಯಾರ ಎತ್ತು ನುಗ್ಗಿದೆ ಎಂದು ಹೇಳುತ್ತಾಳೆ, ಕೈಯೊಳಗಿನ ಸೂಜಿ ಮಾತ್ರ ಕಾಣದು. ಹೊಲಿಗೆ ಬಿಟ್ಟು ನಾಲ್ಕು ವರ್ಷವಾಗಿತ್ತು.

"ಗೋಡಿಗಿ ಕೌದಿ? ಯಾಕ, ಅದಕ ಥಂಡಿ ಹತ್ತ್ಯದೇನು?" ಎಂದಳು ನಿಂಬೆವ್ವ.

ಸೊಸೆ ಬಿಡಲಿಲ್ಲ. ಖಂಡಪ್ಪನ ಹಳೆಯ ಧೋತರವನ್ನು ಚಹಾದ ನೀರಲ್ಲಿ ಅದ್ದಿದಾಗ ಕೆನೆಬಣ್ಣ ಬಂತು. ಅರಿಶಿನದಲ್ಲಿ ಅದ್ದಿದ ಒಂದು ತುಂಡು ಹಳದಿಯಾಯಿತು. ಬೂದಿಬಣ್ಣಕ್ಕೆ ನನ್ನ ಹೊಲಿಗೆ ಯಂತ್ರದ ಕೆಳಗಿನ ಪ್ಯಾಂಟಿನ ತುಂಡುಗಳಿದ್ದವು. ನೀಲಿಗೆ ಮಾತ್ರ ತನ್ನ ಮದುವೆಯ ಇಳಕಲ್ ಸೀರೆಯನ್ನೇ ಕತ್ತರಿಸಿದಳು. ಆ ಕತ್ತರಿಯ ಸದ್ದು ಕೇಳಿ ನಿಂಬೆವ್ವ ಕೈ ಚಾಚಿದಳು: "ತಾ ಇಲ್ಲಿ. ಸೂಜಿ ಪೋಣಿಸಿ ಕೊಡು."

ಹತ್ತು ಸೂಜಿಗೆ ಒಮ್ಮೆಲೇ ದಾರ ಪೋಣಿಸಿಟ್ಟು ಇವಳು ಶಾಲೆಗೆ ಹೋಗುತ್ತಿದ್ದಳು. ಮುದುಕಿ ಬೆರಳಲ್ಲೇ ನೋಡುತ್ತ ಹೊಲಿಯುತ್ತಿದ್ದಳು. ಮಧ್ಯಾಹ್ನದ ಆ ಪಡಸಾಲೆಗೆ ಹೋದರೆ ನನಗೂ ಜೊಂಪು ಹತ್ತುತ್ತಿತ್ತು. ಬಣ್ಣಗಳ ನಡುವೆ ಮುದುಕಿ, ಬಾಗಿಲಲ್ಲಿ ಬಿಸಿಲು, ದಾರ ಎಳೆಯುವ ಸರ್ ಸರ್ ಸದ್ದು. ಅಲ್ಲಿ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಕೊನೆಯ ಮೂಲೆ ಮುಚ್ಚಿದ ದಿನವೇ ನಿಂಬೆವ್ವ ಮಟಕಿ ಊರಿನ ಮಗಳ ಮನೆಗೆ ಹೊರಟು ನಿಂತಳು. "ಒಗದ ಅರಿವಿ ಹಂಗ ಕೌದಿ ಜೋತಾಡೂದು ನಾ ನೋಡೂದಿಲ್ಲ" ಎಂದು ಬಸ್ಸು ಹತ್ತಿದಳು.

ಬಿತ್ತನೆಯ ಹಳೆಯ ಕೂರಿಗೆಯ ಬಿದಿರಿಗೆ ಕೌದಿ ಸಿಕ್ಕಿಸಿ ಗೋಡೆಗೆ ತೂಗುಬಿಟ್ಟರು. ವಿಜಯಶ್ರೀ ಆ ದಿನ ಊಟವನ್ನೇ ಮರೆತಳು. ಒಂಬತ್ತನೆಯ ದಿನ ಕೆಂಪಿರುವೆ ಬಂದವು. ಹೊಸ್ತಿಲಿನಿಂದ ಗೋಡೆಗೆ, ಗೋಡೆಯಿಂದ ಕೌದಿಯ ಎಡಮೂಲೆಗೆ ಸಾಲು. ಕೌದಿ ಇಳಿಸಿ ಝಾಡಿಸಿದಳು, ಪುಡಿ ಹಾಕಿದಳು. ಮರುದಿನ ಮತ್ತೆ ಸಾಲು. ಮೂಲೆಯನ್ನು ಒತ್ತಿ ನೋಡಿದರೆ ಒಳಗೇನೋ ಮೆತ್ತಗೆ. ಆಗ ಹೊಳೆಯಿತು. ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಅದಕ್ಕೊಂದು ತುತ್ತು ಹೋಳಿಗೆ ಇಡುವುದು ಹಳಬರ ರೂಢಿ.

ಸುದ್ದಿ ತಿಳಿದು ಮರುದಿನವೇ ಬಂದಿಳಿದ ಅತ್ತೆಯ ಮುಂದೆ ಕೌದಿ ಹಾಸಿ, ಅಳುತ್ತಲೇ ಕೇಳಿದಳು: "ಗೋಡಿಗಿ ಹೋಳಿಗಿ ಉಣಿಸೀರೇನ್ರಿ ಅತ್ತಿ? ಇರುವಿ ಕಡದು ತೂತು ಬಿದ್ದರ ನಂದೆಲ್ಲಾ ಹೋಯಿತಲ್ರಿ!"

"ಹಸದ ಕೌದಿ ಬಿಡಬಾರದವ್ವ" ಎಂದಳು ನಿಂಬೆವ್ವ, ತುಸುವೂ ಅಂಜದೆ. "ಮಂದಿ ಮೈಮ್ಯಾಲಿದ್ದರ ಅವರ ಬಿಸಿ ಉಂಡು ಇರತದ. ಗೋಡಿ ಅದಕ ಏನು ಕೊಡತದ?"

ವಿಜಯಶ್ರೀ ಮೂಲೆ ಬಿಚ್ಚಿ ಬೆಲ್ಲದ ಹೂರಣ ತೆಗೆದು, ಒರೆಸಿ, ಸೂಜಿ ಪೋಣಿಸಿ ಅತ್ತೆಯ ಕೈಗಿಟ್ಟಳು. ಅತ್ತೆ ಸೂಜಿ ಕೆಳಗಿಟ್ಟಳು. "ಖಾಲಿ ಹೊಟ್ಟೀದು ನಾ ಮುಚ್ಚೂದಿಲ್ಲ."

ಈಗ ಇಬ್ಬರೂ ಹಟಕ್ಕೆ ಬಿದ್ದರು. ಮೂಲೆ ತೆರೆದೇ ಇದ್ದರೆ ಹೊಲಿಗೆಯೆಲ್ಲ ಜಾರುತ್ತದೆ, ಮುಚ್ಚುವ ಕೈ ಒಂದೇ. ವಿಜಯಶ್ರೀ ಬಹಳ ಹೊತ್ತು ಬರಿ ಗೋಡೆಯನ್ನು ನೋಡಿದಳು. ಆಮೇಲೆ ಎದ್ದು ಬುಟ್ಟಿಯೊಳಗಿನ ಖಡಕ ರೊಟ್ಟಿ ಮುರಿದು, ಇರುವೆ ಹತ್ತದಂತೆ ಒಣ ಬೇವಿನೆಲೆಗಳ ನಡುವೆ ಆ ಚೂರನ್ನು ಸೇರಿಸಿ ತಾನೇ ಮೂಲೆಯೊಳಗೆ ಇಟ್ಟಳು. ವರ್ಷವಿಟ್ಟರೂ ಕೆಡದ ರೊಟ್ಟಿ. "ಉಣ್ಣವ್ವ" ಎಂದು ಕೌದಿಗೆ ಹೇಳಿದ್ದನ್ನು ನಾನೇ ಕೇಳಿದೆ. ನಿಂಬೆವ್ವ ಸೂಜಿ ಎತ್ತಿಕೊಂಡಳು.

ಮತ್ತೆ ತೂಗುಹಾಕುವಾಗ ಮುದುಕಿ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತಿದ್ದಳು. ತೆರೆದ ಬಾಗಿಲಲ್ಲಿ ಹಣಿಕಿದವಳು ಹಾಗೇ ನಿಂತುಬಿಟ್ಟಳು.

"ಇದು ಯಾರು ಹೊಲದದ್ದವ್ವ?"

"ನೀವೇ ಅಲ್ರಿ ಅತ್ತಿ."

ನಿಂಬೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇಷ್ಟು ಹೊಲದೇನಿ, ತೊಡಿಮ್ಯಾಲ ಇಟಗೊಂಡು ಹೊಲದೇನಿ, ಮಂದೀಗಿ ಕೊಟ್ಟೇನಿ. ಒಂದೂ ನೋಡಿಲ್ಲ ನಾ."

ನಾನು ಚೀಲ ಒಟ್ಟುವ ಜಾಗ ಎಂದಿದ್ದ ಗೋಡೆ ಅದು. ಮೂವರೂ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ನೋಡಿದೆವು. ಬಿಸಿಲು ನೀಲಿಯಿಂದ ಹಳದಿಗೆ ಸರಿಯುತ್ತಿತ್ತು. ಅಷ್ಟರಲ್ಲಿ ಖಂಡಪ್ಪ ಬಂದು, ಬಾಗಿಲಲ್ಲಿ ನಿಂತು ಚಹಾ ಕೇಳಿದ.

"ಸರಿ ಲೇ ಅತ್ತಾಗ" ಎಂದಳು ನಿಂಬೆವ್ವ. "ಕಾಣವಲ್ದು ನನಗ."