ಬೆಳಗಿನ ಹೊತ್ತಿಗೆ ಬದಲಾದ ಉಪನ್ಯಾಸ

ಹುಕ್‌ಚೊನ್ ಕಣಿವೆಯ ಕಲ್ಲಿದ್ದಲ ಗಣಿಗಳನ್ನು ಕುರಿತು ಪಂಡಿತರು ದಪ್ಪ ದಪ್ಪ ಗ್ರಂಥಗಳನ್ನು ಬರೆದಿದ್ದಾರೆ. ಆದರೆ ಆ ಗಣಿಗಳ ಚರಿತ್ರೆಯನ್ನು ಅಲ್ಲಿ ದುಡಿದವರ ಬಾಯಿಂದಲೇ, ಅವರ ಮೊಮ್ಮಕ್ಕಳ ಎದುರಿನಲ್ಲೇ, ತಿಂಗಳು ತಿಂಗಳೂ ಹೇಳಿಸಿದ ಕೀರ್ತಿ ಈಗ ಊರ ಗ್ರಂಥಾಲಯದಿಂದ ನಿವೃತ್ತರಾಗುತ್ತಿರುವ ಶ್ರೀಮತಿ ನಾಮ್ ಇನ್‌ಸೂಕ್ ಅವರೊಬ್ಬರಿಗೇ ಸಲ್ಲಬೇಕು. ಸರ್ಕಾರ ಆ ಕಾರ್ಯಕ್ರಮಕ್ಕೆ 'ಗಣಿ ಮತ್ತು ಕೈಗಾರಿಕಾ ಪರಂಪರೆಯ ಸ್ಥಳೀಯ ಉಪನ್ಯಾಸಮಾಲೆ' ಎಂದು ಹೆಸರಿಟ್ಟಿತ್ತು. ಊರವರು ಅದನ್ನು 'ಇನ್‌ಸೂಕ್ ಅವರ ಶನಿವಾರ' ಎಂದು ಕರೆದು ಮುಗಿಸಿದರು.

ಗಣಿ ಮುಚ್ಚಿದ ಮರುವರ್ಷ ಅವರು ವರ್ಗವಾಗಿ ಬಂದಾಗ ಈ ಊರಿಗೆ ಮಾತೇ ಬೇಕಿರಲಿಲ್ಲ. ಮೊದಲ ಉಪನ್ಯಾಸಕ್ಕೆ ಬಂದ ಮುದುಕರು ಚಳಿ ಕಾಯಿಸುವ ಒಲೆಯ ಪಕ್ಕದಲ್ಲಿ ಕೂತು ಸೊಗಸಾಗಿ ನಿದ್ದೆ ಮಾಡಿ ಎದ್ದು ಹೋದರು. ಇನ್‌ಸೂಕ್ ಅವರು ಬೇಸರಪಡದೆ ವೇದಿಕೆಯನ್ನೇ ತೆಗೆಸಿ, ಕುರ್ಚಿಗಳನ್ನು ದುಂಡಗೆ ಹಾಕಿಸಿ, ತಾವೇ ಬಾರ್ಲಿ ಚಹಾ ಕಾಯಿಸತೊಡಗಿದರು. ಆ ಚಹಾದ ಬಣ್ಣ ನೋಡಿ "ಮೇಡಂ, ಇದು ಚಹಾನಾ, ಗಣಿ ನೀರಾ?" ಎಂದು ಒಬ್ಬರು ಕಿಚಾಯಿಸಿದರು. ಅಂದಿನಿಂದ ಮಾತು ನಿಂತಿಲ್ಲ.

ಅವರ ಹಿರಿಮೆ ಏನೆಂದು ತೋರಿಸಲು ಒಂದೇ ಪ್ರಸಂಗ ಸಾಕು. ಅಂದಿನ ಉಪನ್ಯಾಸದ ವಿಷಯ ಗಣಿಯವರ ನಂಬಿಕೆಗಳು. ಬೆಳಗಿನ ಪಾಳಿಗೆ ಹೊರಟ ಗಂಡಸಿಗೆ ಹೆಂಗಸು ಅಡ್ಡ ಬಂದರೆ ಅವನು ಅಂದಿನ ಕೂಲಿಯನ್ನೂ ಬಿಟ್ಟು ಮನೆಗೆ ಹಿಂದಿರುಗುತ್ತಿದ್ದ ಪದ್ಧತಿಯನ್ನು ನೆನೆದು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೆ ಕುಳಿತವರು ಹಳೆಯ ಗಣಿ ಕೆಲಸಗಾರ ಸೊಕ್ ದಾಲ್‌ಹೊ ಒಬ್ಬರೇ. ಎಲ್ಲರೂ ಹೋದ ಮೇಲೆ ಅವರು ಇನ್‌ಸೂಕ್ ಅವರ ಬಳಿ ಬಾಯಿಬಿಟ್ಟರು.

ಹಿಂದೊಮ್ಮೆ ಗಣಿಯ ಸುರಂಗ ಕುಸಿದ ದಿನದ ಬೆಳಿಗ್ಗೆ ಮೊ ಬೊಂಗ್‌ಸಿಮ್ ಎಂಬಾಕೆ ಜ್ವರ ಬಂದ ಮಗಳಿಗೆ ಔಷಧ ತರಲು ರಸ್ತೆ ದಾಟಿ ಓಡಿದ್ದರು. ಆಕೆಯ ಗಂಡನೂ ಸೇರಿ ಆ ಪಾಳಿಯವರು ಯಾರೂ ಮೇಲೆ ಬರಲಿಲ್ಲ. ಆಕೆ ಓಡಿದ್ದನ್ನು ಕಂಡ ನೆರೆಯವರು ಸಾವುಗಳನ್ನೆಲ್ಲ ಆಕೆಯ ತಲೆಗೆ ಕಟ್ಟಿದರು. ಆಕೆಯೂ ಅದನ್ನು ನಂಬಿದರು. ಗಣಿ ಮುಚ್ಚಿದ ಮೇಲೂ ಮಧ್ಯಾಹ್ನದವರೆಗೆ ಹೊಸ್ತಿಲು ದಾಟುತ್ತಿರಲಿಲ್ಲ. ಆದರೆ ಅಂದು ಆಕೆ ಅಡ್ಡ ಬಂದದ್ದು ದಾಲ್‌ಹೊ ಅವರೊಬ್ಬರ ದಾರಿಗೆ. ಅವರು ಹಿಂದಿರುಗಿದರು, ಬದುಕಿದರು. ಜೊತೆಗಾರರೆಲ್ಲ ಸತ್ತು ತಾನೊಬ್ಬ ಉಳಿದ ನಾಚಿಕೆಗೆ, ಅಂದು ತನಗೆ ಜ್ವರ ಬಂದು ಪಾಳಿಗೆ ಹೋಗಲಿಲ್ಲವೆಂದು ಊರಿಗೆಲ್ಲ ಹೇಳಿದ್ದರು.

ಬೇರೆ ಯಾರೇ ಆಗಿದ್ದರೂ ಇಂಥ ಕಥೆಯನ್ನು ಮುಂದಿನ ಸಭೆಯಲ್ಲೇ ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದರು. ಇನ್‌ಸೂಕ್ ಅವರು ಹೇಳಿದ್ದು ಇಷ್ಟೇ: "ಇದು ನನಗೆ ಹೇಳೋ ಮಾತಲ್ಲ ಅಣ್ಣ. ಅವರಿಗೆ ಹೇಳಿ."

"ಯಾವ ಮುಖ ಇಟ್ಕೊಂಡು ಹೇಳ್ಲಿ?"

"ಇರೋ ಮುಖಾನೇ ಇಟ್ಕೊಂಡು."

ಆ ಚಳಿಗಾಲವೆಲ್ಲ ಇನ್‌ಸೂಕ್ ಅವರು ಸಂಜೆ ಹೊತ್ತು ಬೊಂಗ್‌ಸಿಮ್ ಅವರ ಮನೆಗೆ ಹೋಗಿ ಜೊತೆಯಲ್ಲಿ ಕೂತು ಆಲೂಗಡ್ಡೆ ಸುಲಿದರು. ತಾವು ಒಂದು ಮಾತು ಆಡಿದರೆ ಆ ಮುದುಕಿಯ ಹೊರೆ ಇಳಿಯುತ್ತದೆಂದು ಗೊತ್ತಿತ್ತು. ಆದರೆ ನೆರೆಯವರಿಂದ ಬಂದ ಆರೋಪ ಬದುಕಿ ಉಳಿದವನ ಬಾಯಿಂದಲೇ ಕಳೆಯಬೇಕು ಎಂಬುದು ಅವರ ಹಟ. ಅಷ್ಟರೊಳಗೆ ಇಬ್ಬರಲ್ಲಿ ಒಬ್ಬರು ಕಣ್ಣುಮುಚ್ಚಿದರೆ ಗತಿಯೇನು ಎಂಬ ಭಯದಲ್ಲಿ ನಿದ್ದೆಗೆಟ್ಟರು. ಕೊನೆಗೆ ಮಧ್ಯಾಹ್ನದ ಉಪನ್ಯಾಸವನ್ನು ಬೆಳಿಗ್ಗೆ ಹತ್ತಕ್ಕೆ ಬದಲಾಯಿಸಿ, ದಾಲ್‌ಹೊ ಅವರಿಗೆ ಹೇಳಿಕಳಿಸಿ, ಬೊಂಗ್‌ಸಿಮ್ ಅವರನ್ನು ಆಲೂಗಡ್ಡೆ ಕಡುಬು ತರಲು ಬೇಡಿಕೊಂಡರು. ಆಕೆಗೆ ಇಲ್ಲವೆನ್ನಲಾಗಲಿಲ್ಲ.

ಆ ಶನಿವಾರ ಬೊಂಗ್‌ಸಿಮ್ ಅವರು ಬಿಸಿ ಪಾತ್ರೆ ಹಿಡಿದು ಗ್ರಂಥಾಲಯದ ಎದುರಿನ ಗೋಡೆಯ ಮರೆಯಲ್ಲಿ, ಗಂಡಸರೆಲ್ಲ ಒಳಗೆ ಹೋಗಲೆಂದು ಕಾದು ನಿಂತರು. ಬಾಗಿಲಲ್ಲಿದ್ದ ಇನ್‌ಸೂಕ್ ಅವರು ಓಡಿಹೋಗಿ ಕೈಹಿಡಿದು ಕರೆತರುವ ಆಸೆಯನ್ನು ಕಷ್ಟಪಟ್ಟು ತಡೆದುಕೊಂಡರು. ಕಟ್ಟಕಡೆಗೆ ಬಂದ ದಾಲ್‌ಹೊ ಆಕೆಯನ್ನು ಕಂಡು ರಸ್ತೆಯಲ್ಲೇ ನಿಂತರು.

"ಅತ್ತಿಗೆ, ನನ್ನ ಮುಂದೆ ದಾಟಿ ಹೋಗಿ."

"ಬೇಡಪ್ಪ. ನೀನು ಹೋಗು ಮೊದಲು. ಆಗಿದ್ದು ಸಾಲದಾ?"

"ಅವತ್ತು ನೀವು ಅಡ್ಡ ಬಂದಿದ್ದು ನನಗೇ. ಅದಕ್ಕೇ ಮನೆಗೆ ವಾಪಸ್ ಹೋದೆ, ಅದಕ್ಕೇ ಇವತ್ತು ಇಲ್ಲಿ ನಿಂತಿದೀನಿ. ಜ್ವರ ಅಂದಿದ್ದು ಸುಳ್ಳು."

ಕಿಟಕಿಯಲ್ಲಿ ತುಂಬಿದ್ದ ಮುಖಗಳೆಲ್ಲ ಕೇಳಿಸಿಕೊಂಡವು. ಬೊಂಗ್‌ಸಿಮ್ ಗೋಡೆಯ ಮರೆಯಿಂದ ಹೊರಬಂದರು. "ಇಷ್ಟು ವರ್ಷ ಬಾಯಿಗೆ ಏನಾಗಿತ್ತೋ ನಿಂಗೆ?" ಎಂದರು. ಆಮೇಲೆ ಪಾತ್ರೆಯನ್ನು ಅವರ ಕೈಗೆ ಹೇರಿ, ಅವರ ಮುಂದೆಯೇ ರಸ್ತೆ ದಾಟಿ ಒಳಗೆ ಬಂದರು. ಅಂದು ಉಪನ್ಯಾಸ ನಡೆಯಲಿಲ್ಲ. ಸಭೆಯಲ್ಲಿ ಅಳದವರು ಯಾರೂ ಇರಲಿಲ್ಲ.

ಬಾಯಲ್ಲಿದ್ದ ಮಾತನ್ನು, ಅದು ತನ್ನದಲ್ಲವೆಂದು, ಒಂದಿಡೀ ಚಳಿಗಾಲ ಕಾಪಾಡಿದ ಈ ತಾಯಿಯನ್ನು ನೆನೆದರೆ ಇಂದಿಗೂ ಬೆರಗಾಗುತ್ತದೆ. ನಿವೃತ್ತಿ ಅವರ ಹುದ್ದೆಗೆ ಮಾತ್ರ, ಶನಿವಾರಗಳು ಅವರವೇ. ಆರೋಗ್ಯ, ಆಯಸ್ಸು, ಮಾಡಲು ಕೈತುಂಬ ಕೆಲಸ ಅವರಿಗಿರಲಿ. ಬೆಳಗಿನ ಹೊತ್ತು ಬೊಂಗ್‌ಸಿಮ್ ಅವರು ಈಗ ಯಾರಿಗೂ ಕಾಯದೆ ನಡೆಯುವ ರಸ್ತೆಯಲ್ಲಿ ಇನ್‌ಸೂಕ್ ಅವರೂ ಬಹುಕಾಲ ನಡೆಯಲಿ.