ಮೂಲೆ ಮಡಚಿದ ಕಾರ್ಡು

ನಮ್ಮ ಸಭೆಯಲ್ಲಿ ಹೊಸ ವರ್ಷದ ಬೆಳಗಿನ ಆರಾಧನೆ ಮುಗಿದ ಮೇಲೆ ಒಂದು ದೊಡ್ಡ ಸ್ಟೀಲ್ ತಟ್ಟೆ ಹೊರಬರುತ್ತದೆ. ಅದರ ತುಂಬ ವಾಗ್ದಾನದ ಕಾರ್ಡುಗಳು, ಬರಹ ಕೆಳಗಾಗಿ ಮಲಗಿರುತ್ತವೆ. ಒಂದೊಂದರಲ್ಲಿ ಒಂದೊಂದು ಬೈಬಲ್ ವಚನ. ಮನೆಗೊಬ್ಬರು ಎದ್ದು ಹೋಗಿ, ಕಣ್ಣು ಮುಚ್ಚಿ, ಪ್ರಾರ್ಥಿಸಿ, ಒಂದನ್ನು ಎತ್ತಿಕೊಳ್ಳಬೇಕು. ಸಿಕ್ಕಿದ್ದು ಆ ಮನೆಗೆ ಆ ವರ್ಷ ದೇವರು ಕೊಟ್ಟ ಮಾತು. ಆರಿಸುವಂತಿಲ್ಲ, ಬದಲಿಸುವಂತಿಲ್ಲ.

ಆ ಕಾರ್ಡುಗಳನ್ನು ಬರೆಯುವವನು ನಾನು. ಮಾಗಡಿ ರಸ್ತೆಯ ಅಂಗಡಿಗಳಿಗೆ ಬೋರ್ಡು ಬರೆದು ಬದುಕಿದವನು. ಫ್ಲೆಕ್ಸ್ ಬಂದ ಮೇಲೆ ಕುಂಚ ಒಣಗಿತು, ಅಕ್ಷರ ಮಾತ್ರ ಕೈಯಲ್ಲಿ ಉಳಿಯಿತು. ವಚನಗಳನ್ನು ಆರಿಸುತ್ತಿದ್ದವಳು ನನ್ನ ಹೆಂಡತಿ. ಡಿಸೆಂಬರ್ ಬಂತೆಂದರೆ ಅವಳು ಓದಿ ಹೇಳುವಳು, ನಾನು ಬರೆಯುವೆ. ಎಲ್ಲ ಸಿಹಿಯಾದ ವಚನಗಳೇ ಇರಲಿ, ಜನ ಖುಷಿಯಾಗಿ ಮನೆಗೆ ಹೋಗಲಿ ಎಂಬುದು ನನ್ನ ವಾದ. ಅವಳು ಹಟ ಹಿಡಿದು ಕಾದಿರು, ತಾಳಿಕೋ ಎನ್ನುವಂಥವನ್ನೂ ನಡುನಡುವೆ ಸೇರಿಸುತ್ತಿದ್ದಳು.

"ಇದೇನು ಮಿಠಾಯಿ ಅಂಗಡೀನೇನ್ರೀ?" ಎಂದು ಕೇಳುವಳು.

ಅವಳ ಕೊನೆಯ ಡಿಸೆಂಬರಿನಲ್ಲಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಗೆಡ್ಡೆ ಲಿವರ್‌ಗೂ ಹರಡಿದೆ, ಒಂದು ವರ್ಷ ಸಿಕ್ಕರೆ ದೊಡ್ಡದು ಎಂದರು. ಅವಳಿಗೆ ಅರ್ಧ ಹೇಳಿದೆ, ಅರ್ಧ ನುಂಗಿಕೊಂಡೆ. ಆ ಸಲವೂ ಅವಳು ಮಂಚದ ಮೇಲೆ ದಿಂಬಿಗೊರಗಿ ವಚನ ಓದಿದಳು. ಅದರಲ್ಲಿ ಒಂದು, ಯಾರೂ ಕಿತ್ತುಕೊಳ್ಳಲಾಗದ ಸಂತೋಷದ ಬಗ್ಗೆ. ಅದನ್ನು ಬರೆಯುವಾಗ ನನ್ನ ಕೈ ನಿಂತಿತು. ಇದು ನಮ್ಮ ಮನೆಗೇ ಬರಬೇಕು ಅನ್ನಿಸಿತು. ಅವಳು ನೀರು ಕುಡಿಯಲು ಆಚೆ ತಿರುಗಿದಾಗ, ಆ ಕಾರ್ಡಿನ ಒಂದು ಮೂಲೆಯನ್ನು ಉಗುರಿನಷ್ಟು ಮಡಚಿ ಇಟ್ಟೆ.

ಜನವರಿ ಒಂದರಂದು ನಾನೇ ಎದ್ದು ಹೋದೆ. ಕಣ್ಣು ಮುಚ್ಚಿದೆ, ತುಟಿ ಆಡಿಸಿದೆ. ಬೆರಳು ಮಾತ್ರ ಮೂಲೆ ಹುಡುಕುತ್ತಿತ್ತು. ಸಿಕ್ಕಿತು. ತಂದು ಅವಳ ಕೈಗೆ ಕೊಟ್ಟೆ. ಅವಳು ಕಾರ್ಡು ನೋಡಿದಳು, ನನ್ನ ಮುಖ ನೋಡಿದಳು, "ಒಳ್ಳೇದು ಬಂತು ಕಣ್ರೀ" ಎಂದಳು. ಮನೆಗೆ ಬಂದು, ಹಳೆಯ ವರ್ಷಗಳ ಕಾರ್ಡುಗಳ ಸಾಲಿನಲ್ಲಿ, ಬೀರು ಬಾಗಿಲಿನ ಒಳಗಡೆ ಅದನ್ನೂ ಅಂಟಿಸಿದಳು.

ಆಮೇಲೆ ಎಂಟು ತಿಂಗಳು. ಆ ಎಂಟು ತಿಂಗಳೂ ಅವಳು ಸಂತೋಷವಾಗಿದ್ದಳು. ನನಗೆ ಸಹಿಸಲಾಗದೆ ಹೋದದ್ದು ಅದೇ. ಕೂದಲು ಉದುರಿತು, ಅನ್ನ ಸೇರದಾಯಿತು. ಆದರೂ ಕಿಟಕಿಯ ಹತ್ತಿರ ಕೂತು, ಮನೆ ಹಿಂದಿನ ಗಾರ್ಮೆಂಟ್ಸ್‌ನವರು ಹೊರಗೆ ಸುರಿದ ಬಟ್ಟೆ ಚೂರು ನೋಡಿ, ಇದು ಸ್ಕೂಲ್ ಯೂನಿಫಾರಂದು, ಇದು ನರ್ಸಮ್ಮಂದಿರದು ಎಂದು ಹೇಳುತ್ತಿದ್ದಳು. ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತಿದ್ದಳು. ಮಗುವಿಗೆ ಚಂದಮಾಮನನ್ನು ತೋರಿಸಿ ತುತ್ತು ತುರುಕಿದ ಹಾಗೆ ನಾನು ಇವಳನ್ನು ಏಮಾರಿಸಿದ್ದೇನೆ, ಇವಳ ನಗುವೆಲ್ಲ ನಾನು ಮಡಚಿದ ಆ ಒಂದು ಮೂಲೆಯ ಮೇಲೆ ನಿಂತಿದೆ ಅನ್ನಿಸುತ್ತಿತ್ತು. ಹೇಳಿದರೆ ಅದು ಕುಸಿದು ಬೀಳುತ್ತದೆ, ಹೇಳದಿದ್ದರೆ ನನಗೆ ಉಸಿರು ಕಟ್ಟುತ್ತದೆ. ಜುಲೈನ ಒಂದು ಮಧ್ಯಾಹ್ನ ಧೈರ್ಯ ಮಾಡಿ, "ಆ ಕಾರ್ಡು ಇದೆಯಲ್ಲ..." ಎಂದು ಶುರು ಮಾಡಿದೆ.

"ಫ್ಯಾನ್ ಸ್ವಲ್ಪ ಕಮ್ಮಿ ಮಾಡ್ರೀ, ಚಳಿ ಆಗ್ತಿದೆ" ಎಂದಳು.

ಕಮ್ಮಿ ಮಾಡಿದೆ. ಮಾತು ಅಲ್ಲಿಗೇ ನಿಂತಿತು. ಆಗಸ್ಟಿನಲ್ಲಿ ಹೋದಳು.

ಮಣ್ಣಿಗಿಟ್ಟು ಬಂದ ಮೇಲೆ ಎಲ್ಲರದೂ ಒಂದೇ ಮಾತು, ಎಂಥ ಸಂತೋಷದಿಂದ ಹೋದರು ಎಂದು. ಕೇಳಿದಾಗಲೆಲ್ಲ ಎದೆಗೆ ಚುಚ್ಚುತ್ತಿತ್ತು. ನಮ್ಮ ಸಭೆ ನಡೆಯುವುದು ಕಾಮಾಕ್ಷಿಪಾಳ್ಯದ ಒಂದು ಲೇತ್ ಶೆಡ್ಡಿನ ಮೇಲಿನ ಮಹಡಿಯಲ್ಲಿ. ಹೇರೋಹಳ್ಳಿಯಿಂದ, ನಂದಿನಿ ಲೇಔಟಿನಿಂದ ಬಂದವರೆಲ್ಲ ಚಪ್ಪಾಳೆ ತಟ್ಟಿ ಹಾಡುವಾಗ ನಾನು ಕೊನೆಯ ಸಾಲಿನಲ್ಲಿ ಬಾಯಿ ಬಿಗಿದು ಕೂತಿರುತ್ತಿದ್ದೆ. ಪ್ರಾರ್ಥನೆಗೆಂದು ಕಣ್ಣು ಮುಚ್ಚಿದರೆ ಮೊದಲು ಕಾಣುತ್ತಿದ್ದದ್ದು ಆ ಮೂಲೆ. ದೇವರ ತಟ್ಟೆಯಲ್ಲಿ ಕೈಚಳಕ ತೋರಿಸಿದವನು ಯಾವ ಮುಖ ಇಟ್ಟುಕೊಂಡು ಏನು ಕೇಳಲಿ?

ಡಿಸೆಂಬರಿನಲ್ಲಿ ನಮ್ಮ ಸಭಾಪಾಲಕರು ಖಾಲಿ ಕಾರ್ಡಿನ ಕಟ್ಟು ಹಿಡಿದು ಮನೆಗೆ ಬಂದರು.

"ಬ್ರದರ್, ಈ ವರ್ಷಾನೂ ನೀವೇ ಬರೀಬೇಕು."

"ಪ್ರಿಂಟ್ ಹಾಕಿಸ್ಬಿಡಿ ಅಯ್ಯನವರೇ. ನನ್ ಕೈಲಾಗಲ್ಲ."

ಅವರು ವಾದ ಮಾಡಲಿಲ್ಲ. ಕಟ್ಟನ್ನು ಮೇಜಿನ ಮೇಲೆ ಇಟ್ಟು, ಒಂದು ಚಿಕ್ಕ ಪ್ರಾರ್ಥನೆ ಮಾಡಿ ಹೋದರು. ವಾರವಾದರೂ ನಾನು ಅದನ್ನು ಮುಟ್ಟಲಿಲ್ಲ. ಭಾನುವಾರ ಹಾಗೇ ವಾಪಸು ಕೊಟ್ಟು, ಇನ್ನು ಸಭೆಯ ಸಹವಾಸವೇ ಬೇಡ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ.

ಶನಿವಾರ ಸಂಜೆ ಪಕ್ಕದ ಮನೆಯಾಕೆ ಹಿದಕಿದ ಬೇಳೆ ಸಾರು ತಂದರು. ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ ಅವರಿಗೆ. ಅವರ ಮನೆಯಲ್ಲಿ ಮುನೇಶ್ವರನ ಪೂಜೆ, ನಮ್ಮ ಮನೆಯಲ್ಲಿ ಪ್ರಾರ್ಥನೆ. ಅವರೆಕಾಯಿ ಕಾಲದಲ್ಲಿ ಮಾತ್ರ ಅವರೂ ನನ್ನ ಹೆಂಡತಿಯೂ ಒಂದೇ ಮೆಟ್ಟಿಲ ಮೇಲೆ ಕೂತು ನೆನೆಸಿದ ಕಾಳು ಹಿದುಕುತ್ತಾ ಹರಟುತ್ತಿದ್ದರು. ಆಕೆ ಮೇಜಿನ ಮೇಲಿದ್ದ ಕಟ್ಟನ್ನು ನೋಡಿದರು.

"ಈ ಸಲ ಯಾವ ಕಾರ್ಡಿನ ಮೂಲೆ ಮಡಚ್ತೀರಣ್ಣ?"

"ಯಾರಮ್ಮ ಹೇಳಿದ್ದು?" ಎಂದೆ.

"ಅಕ್ಕಾನೇ. ಹೋದ ಅವರೆಕಾಯಿ ಕಾಲ್ದಲ್ಲಿ, ಕಾಳು ಹಿದುಕ್ತಾ. ನಕ್ಕಿದ್ದೇ ನಕ್ಕಿದ್ದು. ಒಂದು ಗೆರೆ ಸೊಟ್ಟ ಆದ್ರೂ ಹರಿದು ಹಾಕೋ ಮನುಷ್ಯ, ಅಂಥೋರು ಬರೆದ ಕಾರ್ಡಿನ ಮೂಲೆ ಸುಮ್ನೆ ಮಡಚ್ಕೊಳ್ಳುತ್ತೇನೇ ಅಂದ್ರು. ಚರ್ಚ್‌ನೋರ್ಗೆ ಹೇಳ್ಬೇಡ, ಪಾಪ, ಅವ್ರ ಮರ್ಯಾದೆ ಹೋಗುತ್ತೆ ಅಂತಾನೂ ಅಂದ್ರು."

"ಮೋಸ ಮಾಡ್ದೆ ಅಂತ ಬೇಜಾರಾಗ್ಲಿಲ್ವಾ ಅವಳಿಗೆ?"

ಆಕೆ ಸೆರಗಿನಿಂದ ಕೈ ಒರೆಸಿಕೊಂಡರು. ನಗು ಹೋಗಿತ್ತು.

"ನಾನೂ ಅದೇ ಕೇಳ್ದೆ ಅಣ್ಣ. 'ಆ ಸಂತೋಷ ಯೇಸಪ್ಪ ನಂಗೆ ಯಾವತ್ತೋ ಕೊಟ್ಟಾಗಿದೆ ಕಣೇ. ಕಾರ್ಡು ಬೇಕಾಗಿದ್ದಿದ್ದು ಅವ್ರಿಗೆ' ಅಂದ್ರು."

ಆಕೆ ಹೋದ ಮೇಲೆ ಸಾರು ಡಬ್ಬಿಯಲ್ಲೇ ಆರಿತು. ಮೊದಲು ನಾಚಿಕೆಯಾಯಿತು, ಆಮೇಲೆ ಅವಳ ಮೇಲೆ ಸಿಟ್ಟು ಬಂತು. ಎಂಟು ತಿಂಗಳು ನಾನು ಒಳಗೊಳಗೇ ಬೇಯುವುದನ್ನು ನೋಡಿಕೊಂಡು ಸುಮ್ಮನಿದ್ದಳಲ್ಲ. ಜುಲೈಯಲ್ಲಿ ಅವಳಿಗೆ ನಿಜವಾಗಿ ಚಳಿಯಾಗಿತ್ತೋ, ನನ್ನ ಬಾಯಿ ಮುಚ್ಚಿಸಲು ಹಾಗೆಂದಳೋ, ಇವತ್ತಿಗೂ ಗೊತ್ತಿಲ್ಲ. ನಾನೇ ಅವಳನ್ನು ಹಿಡಿದು ನಿಲ್ಲಿಸಿದ್ದೇನೆ ಅಂದುಕೊಂಡಿದ್ದೆ. ಆಗಸ್ಟಿನಲ್ಲಿ ಬಾರದ ಅಳು ಆವತ್ತು ಬಂತು. ಗಾರ್ಮೆಂಟ್ಸ್ ಮೆಷಿನ್ನುಗಳ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಮಾರನೆಯ ದಿನ ಕಟ್ಟು ವಾಪಸು ಕೊಡಲಿಲ್ಲ. ವಚನಗಳನ್ನು ನಾನೇ ಆರಿಸಿದೆ, ಕಾದಿರು, ತಾಳಿಕೋ ಎನ್ನುವಂಥವನ್ನೂ ಅವಳ ಲೆಕ್ಕದಲ್ಲಿ ಸೇರಿಸಿದೆ. ಆ ಸಂತೋಷದ ವಚನವನ್ನೂ ಬರೆದೆ, ನಾಲ್ಕು ಮೂಲೆಯೂ ನೆಟ್ಟಗೆ. ಅದು ಯಾರ ಮನೆಗೆ ಹೋಯಿತೋ ಗೊತ್ತಿಲ್ಲ. ನನಗೆ ಸಿಕ್ಕಿದ್ದು ಕಾದಿರು ಎನ್ನುವುದು.

ಅದನ್ನು ಅವಳು ಅಂಟಿಸಿದ ಕಾರ್ಡಿನ ಕೆಳಗೇ ಅಂಟಿಸಿದ್ದೇನೆ. ಸಂತೋಷ ಬಂದುಬಿಟ್ಟಿದೆ ಎಂದು ಸುಳ್ಳು ಹೇಳಲಾರೆ. ಮನೆ ಖಾಲಿ, ಮಂಚ ಖಾಲಿ. ಬೆಳಿಗ್ಗೆ ಅಂಗಿಗೆಂದು ಬೀರು ತೆಗೆದಾಗ ಆ ಮಡಚಿದ ಮೂಲೆ ಎದುರಿಗೇ ಸಿಗುತ್ತದೆ. ಅದು ನನಗೆಂದೇ ಬಂದ ಕಾರ್ಡು ಎಂದು ಗೊತ್ತಾದ ಮೇಲೆ ದಿನಾ ಬಾಯಿಬಿಟ್ಟು ಓದುತ್ತಿದ್ದೇನೆ. ನಡುವೆ ಓದು ನಿಂತುಹೋಗುತ್ತದೆ. ಮತ್ತೆ ಮೊದಲಿಂದ ಓದುತ್ತೇನೆ.