ವಿಡಿಯೋ ಹಾಲಿನಲ್ಲಿ ನಾನು ಹೇಳಿದ ಕಥೆ

ಜೇವರ್ಗಿಯ ವಿಡಿಯೋ ಹಾಲಿನಲ್ಲಿ ಅಂತರಿಕ್ಷದ ಇಂಗ್ಲಿಷ್ ಸಿನಿಮಾ ಹಾಕಿದಾಗ ಕಥೆ ಬಿಡಿಸಿ ಹೇಳುತ್ತಿದ್ದವನು ನಾನು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು? ಚಿತ್ರ ನೋಡುತ್ತ ಊಹಿಸಿ ಹೇಳುತ್ತಿದ್ದೆ. ಗೋಣಿತಟ್ಟಿನ ಮೇಲೆ ಕೂತು ಚೂಡಾ ಮೆಲ್ಲುತ್ತಿದ್ದ ಜನ ನಂಬುತ್ತಿದ್ದರು. ಬೀಡಿ ಹೊಗೆ ತುಂಬಿದ ಆ ಕೋಣೆಯಲ್ಲಿ ಸಿಕ್ಕ ಸುಖ ನನಗೆ ಬೇರೆಲ್ಲೂ ಸಿಗಲಿಲ್ಲ. ಅಕ್ಕ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಪೋಲಿಯೋದಿಂದ ಅವಳ ಒಂದು ಕಾಲು ಸೊರಗಿತ್ತು.

ಒಮ್ಮೆ ಮನೆಗೆ ಬರುವಾಗ ಕೇಳಿದಳು: "ತಮ್ಮಾ, ಆ ರಾಕೆಟ್ಟಿನಾಂವ ಕೆಟ್ಟಂವ ಅಂತ ನಿನಗ ಹೆಂಗ ಗೊತ್ತಾತು?"

"ನೋಡಿದ್ರ ತಿಳಿಯಂಗಿಲ್ಲೇನು? ಕರಿ ಮಾರಿ, ಕುಂಟು ಕಾಲು."

"ನಾನೂ ಕರಿಯಾಕಿ, ಕುಂಟಿ."

"ಅದು ಸಿನಿಮಾ ಅಕ್ಕಾ. ತೆಗದವರು ಹಂಗ ಮಾಡ್ಯಾರ."

"ಅವರು ಮಾಡ್ಯಾರ, ಖರೆ. ಊರಿಗೆಲ್ಲ ಹೇಳಾಂವ ನೀನ ಅಲ್ಲೇನು?"

ಇನ್ನು ಹಾಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಮುಂದಿನ ಸಿನಿಮಾದಲ್ಲೂ ಒಬ್ಬ ಕುಂಟುತ್ತ ಬಂದ. "ಇಂವ ಯಾರಲೇ?" ಎಂದು ಹಿಂದಿನಿಂದ ಯಾರೋ ಕೇಳಿದರು. ಗೊತ್ತಿಲ್ಲ ಎಂದಿದ್ದರೆ ಸಾಕಿತ್ತು. "ಇಂವನ ನೋಡ್ರಿ ಸೈತಾನ" ಎಂದುಬಿಟ್ಟೆ. ಸೀಟಿಗಳು ಬಿದ್ದವು. ಅಕ್ಕ ಗೋಡೆ ಹಿಡಿದು ಎದ್ದಳು. ಅವಳು ದಾಟಲೆಂದು ಜನ ಕಾಲು ಮಡಚಿಕೊಂಡರು. ಅವಳ ಜೊತೆ ಎದ್ದು ಹೋಗಬೇಕಾದ ನಾನು ಕಥೆ ಹೇಳುತ್ತಲೇ ಕೂತೆ.